ಎಲ್ಲರ ಹಾಗಿದ್ದವಳು

ನನ್ನ ದೊಡ್ಡತ್ತೆ ಮಕ್ಕಳ ಬುದ್ಧಿ ಅಳೆಯುವ ಕೆಲಸದಲ್ಲಿದ್ದಳು. ‘ಅಡಿ ಲೆಕ್ಕದಲ್ಲೋ, ಕಿಲೋ ಲೆಕ್ಕದಲ್ಲೋ?’ ಎಂದು ಕೆಳಮನೆಯವರು ಸಿಕ್ಕಾಗಲೆಲ್ಲ ಕೇಳಿ ತಾವೇ ನಗುತ್ತಿದ್ದರು. ದೊಡ್ಡತ್ತೆ ನಗುತ್ತಿರಲಿಲ್ಲ. ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಶಾಲೆಗಳು ಅವಳ ಕಚೇರಿಗೆ ಕಳಿಸುತ್ತಿದ್ದವು. ಅವಳು ಬೆಳಗ್ಗೆಯೆಲ್ಲ ಮಗುವಿನ ಎದುರು ಕೂತು ಪ್ರಶ್ನೆ ಕೇಳಿ, ಮಧ್ಯಾಹ್ನ ಒಂದು ಸಂಖ್ಯೆ ಹೇಳುತ್ತಿದ್ದಳು. ಮಗು ಎಲ್ಲರ ಶಾಲೆಯಲ್ಲೇ ಇರಬೇಕೋ, ನಿಧಾನದವರ ಶಾಲೆಗೆ ಹೋಗಬೇಕೋ ಎನ್ನುವುದು ಆ ಸಂಖ್ಯೆಯ ಮೇಲೆ ತೀರ್ಮಾನವಾಗುತ್ತಿತ್ತು.

ರಜೆಯಲ್ಲಿ ಅವಳ ಜೊತೆ ನಾನೂ ಆ ಕೋಣೆಗೆ ಹೋಗಿದ್ದೇನೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಬೋಳು ಗೋಡೆ. ಮಕ್ಕಳ ಗಮನ ಹೊರಗೆ ಹರಿಯಬಾರದೆಂದು ಬೇಕೆಂದೇ ಆರಿಸಿದ ಕೋಣೆ. ಮೇಜಿನ ಕಾಲುಗಳನ್ನು ಮಕ್ಕಳ ಎತ್ತರಕ್ಕೆ ಕೊಯ್ದು ತಗ್ಗಿಸಿದ್ದರು. ದೊಡ್ಡತ್ತೆಯೂ ಪುಟ್ಟ ಕುರ್ಚಿಯಲ್ಲೇ ಕೂರಬೇಕಾಗಿದ್ದರಿಂದ ಅವಳ ಮಂಡಿಗಳು ಬೇಗ ಕೈಕೊಟ್ಟವು. ತಗಡಿನ ಡಬ್ಬಿಯಲ್ಲಿ ಎರಡು ಬಣ್ಣದ ಮರದ ತುಂಡುಗಳು, ಒಂದಷ್ಟು ಚಿತ್ರದ ಕಾರ್ಡುಗಳು, ತೊಡೆಯ ಮೇಲೆ ಕರವಸ್ತ್ರದಲ್ಲಿ ಸುತ್ತಿಟ್ಟ ಸ್ಟಾಪ್‌ವಾಚ್. ಟಿಕ್ ಟಿಕ್ ಕೇಳಿಸಿದರೆ ಮಗು ಗಾಬರಿಯಾಗುತ್ತದಂತೆ. ತುಂಡುಗಳನ್ನು ಈ ಚಿತ್ರದಂತೆ ಜೋಡಿಸು, ನಾನು ಹೇಳಿದ ಅಂಕಿಗಳನ್ನು ಹಿಂದಿನಿಂದ ಹೇಳು, ದೋಣಿಗೂ ಬಸ್ಸಿಗೂ ಏನು ಹೋಲಿಕೆ, ಹೀಗೆ ಸಾಗುತ್ತಿತ್ತು ವಿಚಾರಣೆ.

ಉತ್ತರ ಸರಿಯೋ ತಪ್ಪೋ ಎನ್ನುವುದು ಪರೀಕ್ಷೆ ಮಾಡುವವರ ಮುಖದಲ್ಲಿ ಕಾಣಬಾರದು. ಅದು ಆ ಕೆಲಸದ ಕಟ್ಟುನಿಟ್ಟಿನ ನಿಯಮ. ಮಗು ಏನೇ ಹೇಳಲಿ, ದೊಡ್ಡತ್ತೆ ಒಂದೇ ದನಿಯಲ್ಲಿ ‘ಆಯ್ತು. ಮುಂದಿನದು’ ಅನ್ನುತ್ತಿದ್ದಳು. ಕೆಟ್ಟದ್ದೇನೆಂದರೆ ಆ ಮುಖವನ್ನೇ ಹೊತ್ತುಕೊಂಡು ಅವಳು ಮನೆಗೂ ಬರುತ್ತಿದ್ದಳು. ನಾನು ತರಗತಿಗೆ ಮೊದಲು ಬಂದರೂ ‘ಆಯ್ತು’, ಗಾಜಿನ ಲೋಟ ಒಡೆದರೂ ‘ಆಯ್ತು’. ಬೈದಿದ್ದರೆ ಅತ್ತು ಹಗುರಾಗಬಹುದಿತ್ತು. ಆ ಮುಖದ ಎದುರು ಅಳುವುದಕ್ಕೂ ಧೈರ್ಯ ಬೇಕಿತ್ತು.

ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿದ್ದರಿಂದ ನಾನು ಎಂಟನೆಯ ವಯಸ್ಸಿಗೆ ಅಪ್ಪನ ಮನೆಯವರ ಪಾಲಾದೆ. ಮನೆಯಲ್ಲಿ ಅಜ್ಜಿ, ಅಪ್ಪನ ಅಕ್ಕ ದೊಡ್ಡತ್ತೆ, ಅಪ್ಪನ ತಂಗಿ ಸಣ್ಣತ್ತೆ. ಅತ್ತೆಯರಿಬ್ಬರಿಗೂ ಮದುವೆಯಾಗಿರಲಿಲ್ಲ. ಸಣ್ಣತ್ತೆಯನ್ನು ಅಜ್ಜಿ ‘ಪುಟ್ಟಿ’ ಎಂದು ಕರೆಯುತ್ತಿದ್ದಳು. ಪುಟ್ಟಿ ಒಲೆ ಹಚ್ಚುವಂತಿಲ್ಲ, ಒಬ್ಬಳೇ ಹೊರಗೆ ಹೋಗುವಂತಿಲ್ಲ, ಬಾಗಿಲು ತಟ್ಟಿದರೆ ತೆರೆಯುವಂತಿಲ್ಲ. ಬಂದ ಹೊಸದರಲ್ಲೇ ಅಜ್ಜಿ ನನಗೆ ಹೇಳಿದ್ದಳು, “ಸಣ್ಣತ್ತೇನ ಹುಷಾರಾಗಿ ರಸ್ತೆ ದಾಟಿಸ್ಬೇಕು ಕಣೆ, ಕೈ ಬಿಡ್ಬೇಡ.” ಎಂಟು ವರ್ಷದ ನಾನು ಮೂವತ್ತರ ಹೆಂಗಸಿನ ಕೈ ಹಿಡಿದು ಎಡಬಲ ನೋಡುತ್ತಿದ್ದೆ. ಅವಳು ನೋಡುತ್ತಲೇ ಇರಲಿಲ್ಲ. ನೋಡುವವರು ಬೇರೆ ಇದ್ದಾರಲ್ಲ, ಅವಳಿಗೇಕೆ ಆ ತಲೆನೋವು?

“ಸಣ್ಣತ್ತೆಗೆ ಏನಾಗಿದೆ?” ಎಂದು ಒಮ್ಮೆ ಅಜ್ಜಿಯನ್ನು ಕೇಳಿದೆ.

“ಏನೂ ಆಗಿಲ್ಲ. ಸ್ವಲ್ಪ ನಿಧಾನ. ನಿನ್ನ ದೊಡ್ಡತ್ತೆ ಪರೀಕ್ಷೆ ಮಾಡಿ ನೋಡಿದಾಳೆ.”

ನಡೆದದ್ದು ಹೀಗೆ. ದೊಡ್ಡತ್ತೆ ಈ ಕೆಲಸಕ್ಕೆ ತರಬೇತಿ ಪಡೆಯುತ್ತಿದ್ದಾಗ, ಶಾಲೆಗಳು ಕಳಿಸಿದ ಮಕ್ಕಳನ್ನು ಪರೀಕ್ಷಿಸುವ ಮೊದಲು ಗೊತ್ತಿದ್ದ ಮಕ್ಕಳ ಮೇಲೆ ಪರೀಕ್ಷೆ ರೂಢಿ ಮಾಡಿಕೊಳ್ಳಬೇಕಿತ್ತು. ಎಲ್ಲರೂ ಅಕ್ಕಪಕ್ಕದ ಮಕ್ಕಳನ್ನೋ ತಮ್ಮ ತಂಗಿಯರನ್ನೋ ಹಿಡಿದು ಕೂರಿಸುತ್ತಿದ್ದರು. ಅವಳಿಗೆ ಸಿಕ್ಕಿದ್ದು ತನಗಿಂತ ಬಹಳ ಚಿಕ್ಕವಳಾದ, ದುಂಡುದುಂಡಗಿದ್ದ ತಂಗಿ. ಆಗಿನ ಲೆಕ್ಕ ಸರಳವಾಗಿತ್ತು: ಮಗು ಯಾವ ವಯಸ್ಸಿನವರ ಹಾಗೆ ಉತ್ತರ ಕೊಡುತ್ತದೆ ಎಂದು ನೋಡಿ, ಅದನ್ನು ಮಗುವಿನ ನಿಜವಾದ ವಯಸ್ಸಿನಿಂದ ಭಾಗಿಸುವುದು. ಸಣ್ಣತ್ತೆ ಆರು ವರ್ಷದವರ ಹಾಗೆ ಉತ್ತರ ಕೊಟ್ಟಳು. ಅವಳಿಗಾಗಲೇ ಎಂಟು ತುಂಬುತ್ತಾ ಬಂದಿತ್ತು. ರೂಢಿಗೆಂದು ಮಾಡಿದ ಪರೀಕ್ಷೆಯ ಸಂಖ್ಯೆಯನ್ನು ಯಾರಿಗೂ ಹೇಳುವಂತಿಲ್ಲ. ದೊಡ್ಡತ್ತೆ ಹೇಳಲೂ ಇಲ್ಲ. ಅಜ್ಜಿಗೆ ಒಂದೇ ಮಾತು ಹೇಳಿದಳಂತೆ, “ಅವಳಿಗೆ ಸ್ವಲ್ಪ ನಿಧಾನ ಅಮ್ಮ, ಒತ್ತಾಯ ಮಾಡ್ಬೇಡ.”

ಆ ಮಾತು ಸಾಕಾಯಿತು. ತರಗತಿಯಲ್ಲೂ ಹುಡುಗಿ ಹಿಂದೆ ಇದ್ದಳು, ಟೀಚರೂ ತಲೆಯಾಡಿಸಿದರು. ಮನೆಯಲ್ಲಿ ಅವಳ ಶೂ ಲೇಸನ್ನು ಬೇರೆಯವರು ಕಟ್ಟಿದರು, ಅವಳ ಮಾತನ್ನು ಬೇರೆಯವರು ಮುಗಿಸಿದರು. ಕೆಲವು ವರ್ಷಗಳಲ್ಲಿ ಶಾಲೆಯನ್ನೂ ಬಿಡಿಸಿದರು. ಎಲ್ಲವನ್ನೂ ಮಾಡಿದ್ದು ಪ್ರೀತಿಯಿಂದ. ನನಗೆ ಹೆಚ್ಚು ಸಿಟ್ಟು ಬರುವುದು ಅದಕ್ಕೇ.

ದೊಡ್ಡತ್ತೆಗೆ ಆ ಪರೀಕ್ಷೆ ಕಾಡುತ್ತಿತ್ತು. ಅವಳು ಬಾಯಿ ಬಿಟ್ಟು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ, ನಾನು ಕೆಲಸಕ್ಕೆ ಸೇರಿದ ನಂತರ. ಯಾವ ಮಗು ಬಂದು ಕೂತರೂ ಒಂದು ಗಳಿಗೆ ಆ ಕುರ್ಚಿಯಲ್ಲಿ ತಂಗಿ ಕಾಣುತ್ತಿದ್ದಳಂತೆ, ಒಂದು ಕಾಲು ಮಡಿಸಿ ಅದರ ಮೇಲೆ ಕೂತವಳು, ಕೆನ್ನೆ ಉಬ್ಬಿಸಿಕೊಂಡು ಮರದ ತುಂಡುಗಳನ್ನು ನೋಡುತ್ತಿರುವವಳು. “ಅವಳು ಎಲ್ಲ ಉತ್ತರಕ್ಕೂ ನನ್ನ ಮುಖ ನೋಡ್ತಿದ್ಲು ಕಣೆ, ಸರಿನಾ ಅಕ್ಕ ಅಂತ. ನಾನು ಆಯ್ತು, ಮುಂದಿನದು ಅಂತಿದ್ದೆ” ಎಂದಳು. ಬಟ್ಟೆ ಒಗೆಯುವಾಗ, ಮೆಟ್ಟಿಲು ಹತ್ತುವಾಗ ಅವಳ ತುಟಿ ಅಲ್ಲಾಡುವುದನ್ನು ನಾನು ಕಂಡಿದ್ದೆ. ಅಂದು ತಂಗಿಗೆ ಕೇಳಿದ ಪ್ರಶ್ನೆಗಳನ್ನು ಮೊದಲಿನಿಂದ ಮತ್ತೆ ಕೇಳುತ್ತಿದ್ದಳಂತೆ. ಉತ್ತರಗಳು ಒಂದೂ ಬದಲಾಗುತ್ತಿರಲಿಲ್ಲ.

ಈ ನಡುವೆ ಬುದ್ಧಿಯ ಬಗ್ಗೆ ಪಂಡಿತರ ಬುದ್ಧಿ ಬದಲಾಗುತ್ತಾ ಹೋಯಿತು. ದೊಡ್ಡತ್ತೆ ಕಲಿತ ಕಾಲಕ್ಕೆ ಬುದ್ಧಿ ಅನ್ನುವುದು ಒಂದೇ. ಎಲ್ಲ ಕೆಲಸಗಳ ಕೆಳಗೂ ಹರಿಯುವ ಒಂದೇ ಶಕ್ತಿ, ಅದಕ್ಕೊಂದೇ ಅಂಕಿ, ಹುಟ್ಟಿದಾಗ ಎಷ್ಟೋ ಸಾಯುವಾಗಲೂ ಅಷ್ಟೇ. ಆಮೇಲೊಂದು ತರಬೇತಿಗೆ ಕರೆದು, ಬುದ್ಧಿ ಒಂದಲ್ಲ, ಏಳು ಬಗೆ ಅಂದರು: ಮಾತಿನದು, ಲೆಕ್ಕದ್ದು, ಆಕಾರ ಮತ್ತು ಜಾಗ ಗ್ರಹಿಸುವುದು, ಸಂಗೀತದ್ದು, ಮೈಕೈಗಳದ್ದು, ಇನ್ನೊಬ್ಬರ ಮನಸ್ಸು ತಿಳಿಯುವುದು, ತನ್ನನ್ನು ತಾನು ಅರಿಯುವುದು. ಮುಂದಿನ ತರಬೇತಿಯ ಹೊತ್ತಿಗೆ ಗಿಡಮರ ಪ್ರಾಣಿಗಳನ್ನು ಬಲ್ಲ ಬುದ್ಧಿಯೂ ಸೇರಿ ಎಂಟಾಯಿತು. ನಮ್ಮ ಮನೆಯ ಬಾಡಿಗೆ ಬಿಟ್ಟರೆ ಅಷ್ಟು ಬೇಗ ಏರಿದ್ದು ಇನ್ನೊಂದಿಲ್ಲ.

ನಾನು ನಗಾಡಿದರೂ ದೊಡ್ಡತ್ತೆಗೆ ಅದು ನಗುವ ವಿಷಯವಾಗಿರಲಿಲ್ಲ. ಏಳರಲ್ಲಿ ಒಂದಾದರೂ ಅವಳ ತಂಗಿಗೆ ಇದ್ದೇ ಇರಬೇಕಲ್ಲ! ತರಬೇತಿಯಿಂದ ಬಂದ ಸಂಜೆಯೇ, ಪರೀಕ್ಷೆಯೆಂದು ಗೊತ್ತಾಗದ ಹಾಗೆ, ಪರೀಕ್ಷೆ ಶುರು ಮಾಡಿದಳು. ಮೇಜಿನ ಮೇಲೆ ಬೆರಳಿನಿಂದ ತಾಳ ತಟ್ಟಿ ‘ಹೀಗೇ ತಟ್ಟು ನೋಡೋಣ’ ಅಂದಳು. ಸಣ್ಣತ್ತೆ ತಟ್ಟಿದ್ದು ಕೇಳಿ ಕೆಳಮನೆಯವರು ಬಾಗಿಲಿಗೆ ಬಂದು ಏನಾದರೂ ಬಿತ್ತೇ ಎಂದು ವಿಚಾರಿಸಿದರು. ನೆಲದ ಟೈಲ್ಸಿನ ಗೆರೆಯ ಮೇಲೆ ನೇರ ನಡೆ ಎಂದರೆ ನೀರಿನ ಬಕೆಟ್ಟಿಗೆ ಕಾಲಿಟ್ಟಳು. ಪೆಟ್ಟಿಗೆಯೊಳಗೆ ಬಟ್ಟೆ ಹೊಂದಿಸಿ ಇಡು ಎಂದರೆ ಎಲ್ಲವನ್ನೂ ತುರುಕಿ ಮೇಲೆ ಕೂತಳು. ಕುಂಡದಲ್ಲಿ ತಂದುಕೊಟ್ಟ ಗಿಡಗಳು ನೀರು ಕುಡಿದು ಕುಡಿದು ಸತ್ತವು. ಇನ್ನೊಬ್ಬರ ಭಾವನೆ ಅರಿಯುವುದೇ ದೊಡ್ಡ ಬುದ್ಧಿ ಎಂಬ ಹೊಸ ಮಾತು ಬಂದ ವರ್ಷ, ಮನೆ ಮಾಲೀಕನ ಹೆಂಡತಿ ಹಸುಗೂಸನ್ನು ತೋರಿಸಲು ತಂದಳು. ಸಣ್ಣತ್ತೆ ಮಗುವನ್ನು ಚೆನ್ನಾಗಿ ನೋಡಿ, “ಥೇಟ್ ಕೆಳಮನೆಯವರ ಮೂಗು” ಅಂದಳು. ಅದು ನಿಜವೇ ಆಗಿತ್ತು ಎನ್ನುವುದು ಬೇರೆ ಮಾತು. ಆ ಹೆಂಗಸು ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ.

ಪ್ರತಿಯೊಬ್ಬರಲ್ಲೂ ಏನಾದರೊಂದು ವಿಶೇಷ ಇರುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಸಣ್ಣತ್ತೆಯಲ್ಲಿ ವಿಶೇಷ ಏನೂ ಇರಲಿಲ್ಲ. ಇರಬೇಕು ಎಂದು ದೊಡ್ಡತ್ತೆ ಹುಡುಕಿದಷ್ಟೂ ಆ ಪಾಪದವಳು ಸೋತಳು. ಹೊಸ ಸಿದ್ಧಾಂತ ಬಂದಾಗಲೆಲ್ಲ ದೊಡ್ಡತ್ತೆಯ ಕಣ್ಣಲ್ಲಿ ಆಸೆ ಮೂಡುವುದು, ತಿಂಗಳೊಪ್ಪತ್ತಿನಲ್ಲಿ ಅದು ಆರುವುದು. ಅವಳಿಗೆ ಬೇಕಿದ್ದದ್ದು ಒಂದೇ: ತಂಗಿಯ ಹೆಸರಿಗೆ ಒಂದಾದರೂ ಒಳ್ಳೆಯ ಅಂಕಿ. ಅದು ಸಿಕ್ಕರೆ ಆ ಕುರ್ಚಿಯಲ್ಲಿ ಕೂತವಳು ಎದ್ದು ಹೋಗುತ್ತಾಳೆ ಎಂದು ನಂಬಿದ್ದಳು.

ದೊಡ್ಡತ್ತೆ ನಿವೃತ್ತಿಯಾಗಬೇಕಿದ್ದ ವರ್ಷ ಸಣ್ಣತ್ತೆಗೆ ಹತ್ತಿರದ್ದು ಕಾಣದಂತಾಯಿತು. ಒಂದು ಭಾನುವಾರ ನಾವು ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದೆವು. ಸಣ್ಣತ್ತೆ ಸ್ನಾನಕ್ಕೆ ಹೋಗಿದ್ದಳು.

“ಅವಳಿಗೊಂದು ಕನ್ನಡಕ ಮಾಡಿಸ್ಬೇಕು. ನಲವತ್ತೈದು ದಾಟಿತಲ್ಲ” ಎಂದಳು ದೊಡ್ಡತ್ತೆ.

“ಎಲ್ಲಿ ದಾಟಿದೆ?” ಎಂದಳು ಅಜ್ಜಿ, ತಲೆ ಎತ್ತದೆ. “ಅದು ಶಾಲೆಯವರ ನಲವತ್ತೈದು. ನಿಜಕ್ಕೆ ಇನ್ನೂ ಎರಡು ವರ್ಷ ಕಡಿಮೆ.”

“ಅಂದ್ರೆ?”

“ಅಂದ್ರೆ ಏನು ಅಂದ್ರೆ? ನಾನು ಲಾಂಡ್ರಿ ಕೆಲಸಕ್ಕೆ ಹೋಗ್ಬೇಕಿತ್ತು, ಮಗೂನ ಯಾರ ಹತ್ರ ಬಿಡ್ಲಿ? ನೀನು ಹಾಸ್ಟೆಲಲ್ಲಿದ್ದೆ. ವಯಸ್ಸು ಹೆಚ್ಚುಕಮ್ಮಿ ಎರಡು ವರ್ಷ ಜಾಸ್ತಿ ಹೇಳಿ ಶಾಲೆಗೆ ಸೇರಿಸ್ದೆ. ದಪ್ಪಗಿದ್ಲಲ್ಲ, ಯಾರಿಗೂ ಅನುಮಾನ ಬರ್ಲಿಲ್ಲ. ಆಮೇಲೆ ಗೊತ್ತಾದ್ರೆ ತೆಗೆದುಹಾಕ್ತಾರೆ ಅಂತ ಎಲ್ಲರಿಗೂ ಅದನ್ನೇ ಹೇಳ್ತಾ ಬಂದೆ. ನಿಂಗೆ ಹೇಳಿರ್ಲಿಲ್ವಾ?”

ದೊಡ್ಡತ್ತೆ ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡಿದ್ದಳು. ಅವಳ ಇನ್ನೊಂದು ಕೈಯ ಬೆರಳು ತೊಡೆಯ ಮೇಲೆ ಓಡಾಡುತ್ತಿತ್ತು. ಅವಳು ಭಾಗಾಕಾರ ಮಾಡುತ್ತಿದ್ದಾಳೆಂದು ನನಗೆ ಅರ್ಥವಾಯಿತು. ಆರು ವರ್ಷದವರ ಹಾಗೆ ಉತ್ತರ ಕೊಟ್ಟ ಹುಡುಗಿಗೆ ಆಗ ಆರೇ ವರ್ಷ.

ಅವಳು ಎದ್ದು ಮೆಟ್ಟಿಲಿನ ಕಡೆ ಹೋದಳು. ನಾನು ಹಿಂದೆ ಹೋದೆ. ಕಂಬಿ ಹಿಡಿದು ನಿಂತಿದ್ದಳು.

“ಸರಿಯಾಗಿದ್ಲು ಕಣೆ” ಎಂದಳು. “ಎಲ್ಲಾ ಮಕ್ಕಳ ಹಾಗೇ ಇದ್ಲು.”

“ನಿಂಗೆ ಹೇಗೆ ಗೊತ್ತಾಗ್ಬೇಕಿತ್ತು ಅತ್ತೆ? ಅಜ್ಜಿ ಆಗ ಹೇಳಿದ್ದೇ ಸುಳ್ಳು.”

“ಅವಳು ಹುಟ್ಟಿದ ವರ್ಷ ನಾನು ಯಾವ ಕ್ಲಾಸಲ್ಲಿದ್ದೆ ಅಂತ ನಂಗೆ ಚೆನ್ನಾಗಿ ನೆನಪಿತ್ತು. ಒಂದು ಸಲ ಯೋಚ್ನೆ ಮಾಡಿದ್ರೆ ಸಾಕಿತ್ತು. ಮಾಡ್ಲಿಲ್ಲ. ಮನೆಯವರ ನೆನಪು ನಂಬ್ಬಾರ್ದು, ಶಾಲೆ ಕೊಟ್ಟ ತಾರೀಖನ್ನೇ ಹಿಡೀಬೇಕು ಅಂತ ಪಾಠ ಮಾಡಿದ್ರು. ಮೊದಲನೇ ಪರೀಕ್ಷೆ, ನಿಯಮ ತಪ್ಪಬಾರ್ದು ಅಂತ ನನ್ನ ನೆನಪನ್ನೇ ನಾನು ನಂಬಲಿಲ್ಲ.”

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಅಷ್ಟು ವರ್ಷ ಕಟ್ಟಿ ಹಾಕಿದ್ದ ಮುಖ, ಬೇಕೆಂದಾಗ ಬಿಚ್ಚಿಕೊಳ್ಳಲಿಲ್ಲ.

ಅಲ್ಲಿಂದ ಅವಳ ಕೆಲಸ ಕೆಟ್ಟಿತು. ಮಗು ಹುಟ್ಟಿದ ದಿನವನ್ನು ತಂದೆತಾಯಿಗಳಿಗೆ ಮತ್ತೆ ಮತ್ತೆ ಕೇಳುತ್ತಿದ್ದಳಂತೆ. ಒಬ್ಬ ತಾಯಿ ರೇಗಿ, “ನಮ್ಮ ಮಗು ಯಾವಾಗ ಹುಟ್ಟಿತು ಅಂತ ನಮಗೆ ಗೊತ್ತಿರಲ್ವಾ?” ಅಂದಳು. “ಗೊತ್ತಿರುತ್ತೆ. ಹೇಳ್ತೀರೋ ಇಲ್ವೋ ಅನ್ನೋದು ಬೇರೆ” ಎಂದು ದೊಡ್ಡತ್ತೆ ಕೂಗಿದ್ದು ಕಾರಿಡಾರಿನವರೆಗೂ ಕೇಳಿಸಿತು. ಕುರ್ಚಿಯಲ್ಲಿ ಕೂತವಳು ಎದ್ದು ಹೋಗುವುದಿರಲಿ, ಈಗ ಉತ್ತರಗಳನ್ನೂ ಹೇಳತೊಡಗಿದ್ದಳು. ಎದುರಿಗಿದ್ದ ಮಗು ಬಾಯಿ ತೆರೆಯುವ ಮೊದಲೇ ದೊಡ್ಡತ್ತೆಗೆ ತಂಗಿಯ ಹಳೆಯ ಉತ್ತರ ಕೇಳಿಸುತ್ತಿತ್ತು, ಅದೂ ಎಷ್ಟು ಸರಿಯಾದ ಉತ್ತರ! ಆರು ವರ್ಷದ ಮಗು ಹೇಳಬೇಕಾದಷ್ಟನ್ನೇ ಅವಳು ಹೇಳಿದ್ದಳು.

ಸಣ್ಣತ್ತೆಗೆ ಹೇಳಿಬಿಡು ಎಂದು ನಾನು ದುಂಬಾಲು ಬಿದ್ದೆ. ಅವಳ ಬದುಕಿನ ವಿಷಯ ಅವಳಿಗೆ ತಿಳಿಯಬೇಡವೇ ಎಂದು ಜಗಳವಾಡಿದೆ. ದೊಡ್ಡತ್ತೆ ಹಿಂಜರಿದದ್ದು ಹೇಡಿತನದಿಂದ ಎಂದು ನನಗನ್ನಿಸಿತ್ತು. ಅವಳ ತಲೆಯಲ್ಲಿ ಇನ್ನೊಂದು ಸಿದ್ಧಾಂತ ಕೂತಿತ್ತು. ಬುದ್ಧಿಯಲ್ಲಿ ಎರಡು ಪದರ ಎನ್ನುತ್ತಾರಂತೆ. ಹೊಸದನ್ನು ಎದುರಿಸುವಾಗ ಹರಿಯುವ ಬುದ್ಧಿ ಒಂದು. ಓದಿ, ಓಡಾಡಿ, ನಾಲ್ಕು ಜನರಲ್ಲಿ ಬೆರೆತು, ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುವ ಬುದ್ಧಿ ಇನ್ನೊಂದು. ಮೊದಲನೆಯದು ವಯಸ್ಸಾದಂತೆ ಇಳಿಯುತ್ತದೆ. ಎರಡನೆಯದನ್ನು ಕಟ್ಟಿಕೊಳ್ಳಲು ಬದುಕು ಬೇಕು. ಸಣ್ಣತ್ತೆಗೆ ನಾವು ಬದುಕನ್ನೇ ಕೊಟ್ಟಿರಲಿಲ್ಲ.

ಕನ್ನಡಕ ಬಂತು. ಸಣ್ಣತ್ತೆ ಹಾಕಿಕೊಂಡು ಕನ್ನಡಿ ನೋಡಿ ನಕ್ಕಳು. “ನಂಗ್ಯಾಕಕ್ಕ ಇದು? ಓದೋಕೆ ಬರೋದೇ ಅಷ್ಟಕ್ಕಷ್ಟೆ. ದಡ್ಡಿಗೆ ಕನ್ನಡಕ!”

“ದಡ್ಡಿ ಅನ್ಬೇಡ” ಎಂದಳು ದೊಡ್ಡತ್ತೆ. ಆಮೇಲೆ ಕೂತು, ತಡೆಯದೆ, ಎಲ್ಲವನ್ನೂ ಹೇಳಿದಳು. ಅಜ್ಜಿ ಒಳಗೆ ಮಲಗಿದ್ದಳು. ನಾನು ಬಾಗಿಲ ಬಳಿ ನಿಂತಿದ್ದೆ.

ಸಣ್ಣತ್ತೆ ಗಮನವಿಟ್ಟು ಕೇಳಿದಳು. ಯಾರೂ ಅವಳೊಂದಿಗೆ ಅಷ್ಟು ಹೊತ್ತು ಒಂದೇ ವಿಷಯ ಮಾತಾಡಿದ್ದಿಲ್ಲ.

“ಎಲ್ಲರ ಹಾಗೆ ಇದ್ದೆ ಅಂದ್ರೆ, ಬುದ್ಧಿವಂತೆನಾ?”

“ಇಲ್ಲ. ನಡುಮಟ್ಟ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.”

“ಅಂದ್ರೆ ಒಬ್ಬಳೇ ಅಂಗಡಿಗೆ ಹೋಗಬಹುದಿತ್ತು.”

“ಹೂಂ.”

“ಒಲೆ ಹಚ್ಚಬಹುದಿತ್ತು. ಕೆಲಸಕ್ಕೆ ಹೋಗಬಹುದಿತ್ತು.”

“ಹೂಂ.”

“ಚಪ್ಪಲಿ ಅಂಗಡಿಯವನು ಕೇಳ್ಕೊಂಡು ಬಂದಿದ್ನಲ್ಲ, ಅವನನ್ನ ಮದುವೆ ಆಗಬಹುದಿತ್ತು.”

ಅಂಥವನೊಬ್ಬ ಬಂದಿದ್ದನೆಂದು ನನಗೆ ತಿಳಿದದ್ದೇ ಆಗ. ನಮ್ಮ ಹುಡುಗಿ ಸಂಸಾರ ತೂಗಿಸುವವಳಲ್ಲ ಎಂದು ಅವನನ್ನು ಬಾಗಿಲಿಂದಲೇ ಕಳಿಸಿದವಳು ದೊಡ್ಡತ್ತೆ.

“ಈಗ ಪರೀಕ್ಷೆ ಮಾಡಿದ್ರೆ ನಾನು ಎಷ್ಟಿರ್ತೀನಿ ಅಕ್ಕ?”

ದೊಡ್ಡತ್ತೆ ಸುಳ್ಳು ಹೇಳಲು ಬಾರದವಳು. ಸಣ್ಣತ್ತೆ ಕನ್ನಡಕದೊಳಗಿನಿಂದ ಅಕ್ಕನ ಮುಖವನ್ನೇ ನೋಡಿದಳು. ಅಂದು ಅದು ಮುಚ್ಚಿರಲಿಲ್ಲ. ಎಲ್ಲವೂ ಬರೆದಿಟ್ಟ ಹಾಗೆ ಕಾಣುತ್ತಿತ್ತು.

“ಈಗ ನಿಜವಾಗ್ಲೂ ದಡ್ಡಿ, ಅಲ್ವಾ?” ಎಂದಳು ಮೆಲ್ಲಗೆ. “ಆಗ ಸುಳ್ಳು, ಈಗ ನಿಜ.”

“ಪುಟ್ಟಿ...”

“ಹೇಳಬಾರದಿತ್ತು ನೀನು. ಇಷ್ಟು ದಿನ ನಾನು ಒಬ್ಬಳೇ ಇದ್ದೆ. ನಾನಿದ್ದಿದ್ದೇ ಇಷ್ಟು, ಅದಕ್ಕೆ ಬದುಕಿದ್ದೂ ಇಷ್ಟು ಅಂದ್ಕೊಂಡಿದ್ದೆ. ಈಗ ಇನ್ನೊಬ್ಬಳನ್ನ ತಂದು ಕೂರಿಸಿದೀಯ. ಅವಳು ಎಲ್ಲಿ ಹೋದ್ಲು ಹೇಳು?”

ಹೇಳಿಬಿಡು ಎಂದು ದುಂಬಾಲು ಬಿದ್ದವಳು ನಾನು. ಅಲ್ಲಿ ನಿಲ್ಲಲಾಗದೆ ಒಳಗೆ ಹೋದೆ. ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನದಿಂದ ಸಣ್ಣತ್ತೆ ‘ಪುಟ್ಟಿ’ ಎಂದರೆ ಓಗೊಡುವುದನ್ನು ಬಿಟ್ಟಳು. ಅಜ್ಜಿಗೆ ಯಾಕೆಂದು ಅರ್ಥವಾಗಲಿಲ್ಲ, ಅವಳಿಗೆ ಹೇಳುವುದು ಬೇಡ ಎಂದು ಸಣ್ಣತ್ತೆಯೇ ನಮಗೆ ಆಣೆ ಹಾಕಿದ್ದಳು. ಒಲೆ ಹಚ್ಚಲು ನಾವೀಗ ಅವಳನ್ನು ಕರೆದೆವು. ಅವಳಿಗೆ ಬೆಂಕಿ ಕಂಡರೆ ಭಯ. ಬೀದಿಯವರೆಗೆ ಒಬ್ಬಳೇ ಹೋಗಿ ಬಾ ಎಂದೆವು. ಬಾಗಿಲಾಚೆ ಎರಡು ಹೆಜ್ಜೆ ಇಟ್ಟು ಬೆವರಿ ವಾಪಸ್ಸು ಬಂದಳು. ದೊಡ್ಡತ್ತೆ ಬಲವಂತ ಮಾಡಲಿಲ್ಲ. ತಂಗಿಯ ಕೈ ಒರೆಸಿ ಕುಡಿಯಲು ನೀರು ಕೊಟ್ಟಳು.

ಆಮೇಲೆ ಸಣ್ಣತ್ತೆಗೆ ಒಂದು ಅಭ್ಯಾಸವಾಯಿತು. ಕಚೇರಿಗಳು ಬಿಡುವ ಹೊತ್ತಿಗೆ ಕನ್ನಡಕ ಹಾಕಿಕೊಂಡು ಮುಂದಿನ ಕೋಣೆಯ ಕಿಟಕಿಯಲ್ಲಿ ನಿಲ್ಲುತ್ತಾಳೆ. ಕೆಳಗೆ ಬಸ್ಸು ನಿಂತು ಜನರನ್ನು ಇಳಿಸುತ್ತದೆ. ಅವರಲ್ಲಿ ಒಬ್ಬ ಹೆಂಗಸಿದ್ದಾಳೆ. ಸಣ್ಣತ್ತೆಯಷ್ಟೇ ವಯಸ್ಸು, ಅವಳ ಹಾಗೇ ತುಸು ದಪ್ಪ. ವಿಶೇಷ ಏನೂ ಇಲ್ಲ. ಹೆಗಲಿಗೊಂದು ಚೀಲ, ಕೈಯಲ್ಲಿ ತರಕಾರಿ, ಮನೆ ಸೇರುವ ಅವಸರ. ರಸ್ತೆ ದಾಟುವಾಗ ಎಡಬಲ ನೋಡುತ್ತಾಳೆ.

“ಅಕ್ಕಾ, ಬಾ. ಬಂದ್ಲು” ಎಂದು ಸಣ್ಣತ್ತೆ ಕರೆಯುತ್ತಾಳೆ.

ಮೊದಲ ದಿನ ನಾನು “ಯಾರು?” ಎಂದು ಕೇಳಿದ್ದೆ. “ನಾನು” ಅಂದಿದ್ದಳು.

ನಿವೃತ್ತಿಯಾದ ದೊಡ್ಡತ್ತೆ, ಮಂಡಿ ನೋವಿಗೆ ಗೋಡೆ ಹಿಡಿದುಕೊಂಡು, ಕರೆದ ಕೂಡಲೇ ಎದ್ದು ಬರುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ. ತಂಗಿಯ ಪಕ್ಕದಲ್ಲಿ ನಿಂತು ಆ ಹೆಂಗಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾಳೆ. ಇವತ್ತು ಸುಸ್ತಾಗಿದಾಳೆ ಪಾಪ ಎಂದೋ, ಮಗನಿಗೆ ಹುಷಾರಿಲ್ಲವೇನೋ, ಅದಕ್ಕೆ ಬೇಗ ಹೋಗ್ತಿದಾಳೆ ಎಂದೋ ಸಣ್ಣತ್ತೆ ಹೇಳುತ್ತಾಳೆ. ದೊಡ್ಡತ್ತೆ ಹೂಂಗುಡುತ್ತಾಳೆ.

ಮೊನ್ನೆ ಆ ಹೆಂಗಸು ರಸ್ತೆಯ ನಡುವೆ ಯಾಕೋ ನಿಂತು ತಲೆ ಎತ್ತಿ ನೇರ ನಮ್ಮ ಕಿಟಕಿಯತ್ತ ನೋಡಿದಳು. ಸಣ್ಣತ್ತೆ ಸರಕ್ಕನೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಳು.

“ಪರದೆ ಎಳಿ ಅಕ್ಕ, ಬೇಗ ಎಳಿ” ಎಂದಳು. “ನನ್ನನ್ನ ನೋಡಿ ಗುರುತು ಹಿಡಿದ್ರೆ ಪಾಪ, ಅವಳು ಹೆದರ್ಕೋತಾಳೆ.”